ಖಾಲಿ ಟಾಕಿಯ ಭಾರ

ಭಾಂಡುಪಿನ ನಮ್ಮ ಮನೆಯಲ್ಲಿ ಬಚ್ಚಲಿನ ಬಾಗಿಲು ಮೊದಲ ಸಲ ಬಿಗಿಯಾದದ್ದು ಡಿಸೆಂಬರಿನಲ್ಲಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಾಗಿಲು ಹಿಡಿಯುತ್ತದೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಒಣಹವೆಯಲ್ಲಿ ಹಿಡಿದಿತ್ತು. ನಮ್ಮ ಯಜಮಾನರು ಬಡಗಿಯನ್ನು ಕರೆಸಿ ಮೇಲಿನ ಅಂಚನ್ನು ಸ್ವಲ್ಪ ಕೆತ್ತಿಸಿದರು. ಫೆಬ್ರುವರಿಗೆ ಮತ್ತೆ ಹಿಡಿಯಿತು. ಎರಡನೇ ಸಲ ಬಂದ ಬಡಗಿ ಬಾಗಿಲನ್ನು ನೋಡಲಿಲ್ಲ, ಚೌಕಟ್ಟನ್ನು ನೋಡಿದ. ಅದರ ಮೂಲೆಗೆ ಹೆಬ್ಬೆರಳು ಒತ್ತಿ, ಬಾಗಿಲನ್ನು ಇನ್ನಷ್ಟು ಕೆತ್ತಿ ಹೊರಟುಹೋದ.

ಆ ವರ್ಷ ನಾನು ಅನ್ವಯಿಕ ಗಣಿತದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿ, ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಮುಂಬೈಗೆ ಬಂದವಳು. ಬಂದ ಮೇಲೆ ಗಣಿತ ಟ್ರಂಕಿನ ತಳ ಸೇರಿತು. ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿ ಮನೆ ಸದ್ದಡಗಿದಾಗ ಒಂದು ದಿನ ಸುಮ್ಮನೆ ಅರ್ಜಿ ಹಾಕಿದೆ, ಸೀಟು ಸಿಕ್ಕಿಬಿಟ್ಟಿತು. ಯಜಮಾನರು ಧಾರವಾಡದ ಕಡೆಯವರು, ಬಟ್ಟೆ ವ್ಯಾಪಾರ, ಮಾತಿನಲ್ಲಿ ಚೇಷ್ಟೆ ಜಾಸ್ತಿ. "ಹೋಗು ಹೋಗು. ಕಲತು ಬಂದು, ನನ್ನ ಅಂಗಡ್ಯಾಗ ಗಿರಾಕಿ ಬಂದು ಬರೇ ಮುಟ್ಟಿ ನೋಡಿ ಯಾಕ ಹೋಗತಾರ ಅಂತ ಒಂದು ಸಮೀಕರಣಾ ಬರದು ಕೊಡು" ಎಂದರು.

ಸ್ಲೋ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಸಾಂತಾಕ್ರೂಜ್ ಕಡೆಗೆ ಹೋಗಬೇಕು. ಕ್ಲಾಸಿನ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು. ಒಂದೊಂದು ದಾಟುವವರೆಗೂ ನಮ್ಮ ಮೇಡಂ ಚಾಕ್‌ಪೀಸನ್ನು ಹಲಗೆಗೆ ಒತ್ತಿಕೊಂಡು ಕಾಯುತ್ತಿದ್ದರು. ಸದ್ದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಸಣ್ಣ ಮೈಯವರು, ದನಿ ಏರಿಸಿದ್ದು ನಾನು ಕೇಳಿಲ್ಲ. ಅವರ ಪಾಠ ಗಣಿತ ಮಾದರಿಗಳದ್ದು, ಅಂದರೆ ಹೊರಗಿನ ಲೋಕದಲ್ಲಿ ನಡೆಯುವ ಒಂದು ಸಂಗತಿಯನ್ನು ಸಮೀಕರಣಗಳಲ್ಲಿ ಕಟ್ಟಿ, ಮುಂದೇನಾಗುತ್ತದೆ ಎಂದು ಅದರಿಂದ ಹೇಳಿಸುವುದು. ಮೊದಲ ದಿನವೇ ಹಲಗೆಯ ಮೇಲೆ ಒಂದು ಪೆಟ್ಟಿಗೆ ಬರೆದು, ಒಳಗೆ ಬರುವ ಬಾಣ ಒಂದು, ಹೊರಗೆ ಹೋಗುವ ಬಾಣ ಒಂದು ಎಳೆದರು. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿದದ್ದು, ಬಾಕಿಯೆಲ್ಲ ಇದರ ವಿಸ್ತಾರ ಎಂದರು. ನನಗೇನೂ ಹೊಸದೆನಿಸಲಿಲ್ಲ. ಅಕ್ಕಿ ಡಬ್ಬಿ, ಹಾಲಿನ ಪಾತ್ರೆ, ಇಸ್ತ್ರಿಗೆ ಹೋದ ಬಟ್ಟೆ, ಎಲ್ಲ ಅದೇ ಲೆಕ್ಕ. ಪಕ್ಕದಲ್ಲಿ ಕೂತ ಹುಡುಗರು ಮಾತ್ರ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು.

ಆ ಕ್ಲಾಸಿನಲ್ಲಿ ನನಗೆ ಜೊತೆಯಾದವಳು ಧಾರಾವಿಯ ಒಂದು ಹುಡುಗಿ. ಅವಳ ಅಜ್ಜನ ಕಾಲಕ್ಕೆ ಬಾಗಲಕೋಟೆ ಕಡೆಯಿಂದ ಬಂದ ಕುಟುಂಬ, ಮನೆಯ ಕೆಳಗೇ ಚರ್ಮದ ಬ್ಯಾಗು ಹೊಲಿಯುವ ವರ್ಕ್‌ಶಾಪು. ಕನ್ನಡ ಪೂರಾ ತಿಳಿಯುತ್ತಿತ್ತು, ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿಯುತ್ತಿದ್ದಳು. ಕಂಪ್ಯೂಟರಿನ ಮೇಲೆ ಅವಳ ಬೆರಳು ಓಡುವುದನ್ನು ನೋಡುವುದೇ ಒಂದು ಚಂದ. ನನಗೆ ಕೈಬರಹದಲ್ಲಿ ಬಿಡಿಸುವುದು ಗೊತ್ತು, ಅವಳಿಗೆ ಯಂತ್ರದ ಕೈಲಿ ಬಿಡಿಸುವುದು ಗೊತ್ತು. ಪ್ರಾಜೆಕ್ಟಿಗೆ ಇಬ್ಬರೂ ಜೋಡಿಯಾದೆವು.

ವಿಷಯ ಸಿಕ್ಕಿದ್ದು ನಮ್ಮ ಬಿಲ್ಡಿಂಗಿನಲ್ಲೇ. ನಾಲ್ಕು ಮಹಡಿಯ ಹಳೇ ಕಟ್ಟಡ. ಸುತ್ತ ಕಾರ್ಖಾನೆಗಳ ಭೋಂಗಾ ಕೂಗು ಕೇಳುತ್ತಿದ್ದ ಕಾಲದ್ದು. ನಮ್ಮದು ಎರಡನೇ ಮಾಳಿಗೆ. ನಮ್ಮ ಕೆಳಗೆ, ನೆಲಮಟ್ಟದ ಮನೆಯಲ್ಲಿ, ವಿಜಯಪುರದ ಒಬ್ಬಾಕೆ ಪಾಳಣಾಘರ ನಡೆಸುತ್ತಿದ್ದಳು. ಬೆಳಗ್ಗೆ ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳನ್ನು ಬಿಟ್ಟು, ಸಂಜೆ ಬಂದು ಕರೆದೊಯ್ಯುವ ಜಾಗ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದಳು. ತೋಳು ದಪ್ಪ, ಮಾತು ದಪ್ಪ, ಮಕ್ಕಳನ್ನು ಮಲಗಿಸುವಾಗ ಮಾತ್ರ ದನಿ ಹತ್ತಿಯಂತೆ ಆಗುತ್ತಿತ್ತು. ಗೆಳತಿಯನ್ನು ಊಟಕ್ಕೆ ಕರೆದ ದಿನ, ಕೆಳಗೆ ಕೂಸುಗಳನ್ನು ನೋಡಿ ಬರೋಣ ಎಂದು ಇಬ್ಬರೂ ಇಳಿದೆವು. ಕೋಣೆಯ ಮೂಲೆಯಲ್ಲಿ ಬಿಲ್ಡಿಂಗಿನ ಒಂದು ಕಂಬ. ಅದರ ಮೇಲೆ ಹಣ್ಣುಗಳ ಚಿತ್ರಪಟ ತೂಗುತ್ತಿತ್ತು. ಫ್ಯಾನಿನ ಗಾಳಿಗೆ ಪಟ ಎದ್ದಾಗ ಅದರ ಹಿಂದೆ ಒಂದು ಬಿರುಕು ಕಾಣಿಸಿತು. ಮೇಲಿನಿಂದ ಕೆಳಕ್ಕೆ ನೆಟ್ಟಗೆ, ಯಾರೋ ಪೆನ್ಸಿಲ್ ಹಿಡಿದು ಎಳೆದ ಹಾಗೆ. ಕೆಳಗೆ ಚಾಪೆಯ ಮೇಲೆ ಒಂದು ಕೂಸು ಬಾಯಿ ತೆರೆದು ಮಲಗಿತ್ತು. ಅದರ ಕೂದಲಲ್ಲಿ ಸುಣ್ಣದ ಬಿಳಿ ಪುಡಿ ಇತ್ತು. ನಾನು ಅದನ್ನು ಮೆಲ್ಲಗೆ ಊದಿದೆ.

"ಅದು ಮೊದಲಿಂದೂ ಐತ್ರಿ ವೈನಿ," ಎಂದಳು ಅವಳು. "ಸೊಸೈಟಿಯವರು ದೀಪಾವಳಿಗೆ ಬಣ್ಣಾ ಹಚ್ಚತಾರ, ಅದು ಹೋಳಿ ಹುಣ್ಣಿವಿಗೆ ಮತ್ತ ಮಾರಿ ತೋರಸತೈತಿ."

ಆ ವಾರವೇ ಶುರುಮಾಡಿದೆವು. ಗೆರೆಗಳ ಜಾಲರಿ ಮುದ್ರಿಸಿದ ಪಾರದರ್ಶಕ ಹಾಳೆಯ ಎರಡು ತುಂಡನ್ನು ಬಿರುಕಿನ ಆಚೆ ಈಚೆ ಅಂಟಿಸಿದೆವು, ಒಂದರ ಮೇಲೊಂದು ಜಾರುವ ಹಾಗೆ. ಬಿರುಕು ಅಗಲವಾದಷ್ಟು ಗೆರೆಗಳು ಜರುಗುತ್ತವೆ; ಮೊಬೈಲಿನಲ್ಲಿ ಫೋಟೋ ತೆಗೆದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಸಿಗುತ್ತದೆ. ಬೆಳಗ್ಗೆ ತಾರಸಿಯ ನೀರಿನ ಟಾಕಿ ತುಂಬಿದ ಮೇಲೆ ಒಂದು ಫೋಟೋ, ಮಧ್ಯಾಹ್ನ ಟಾಕಿ ಬರಿದಾದ ಮೇಲೆ ಇನ್ನೊಂದು. ನಮ್ಮ ಮಾದರಿಯ ಹೂರಣ ಇಷ್ಟೇ: ಟಾಕಿ ತುಂಬಿದಾಗ ಕಂಬದ ಮೇಲೆ ಭಾರ ಏರುತ್ತದೆ, ಬಿರುಕು ಕೊಂಚ ತೆರೆಯುತ್ತದೆ, ನೀರು ಹೋದ ಮೇಲೆ ಕೊಂಚ ಮುಚ್ಚುತ್ತದೆ, ದಿನಾ ಹೀಗೆ ತೆರೆದು ಮುಚ್ಚಿ ನಿಧಾನವಾಗಿ ಬೆಳೆಯುತ್ತದೆ. ಎಷ್ಟು ನಿಧಾನ ಎಂದು ತಿಳಿದರೆ ಎಷ್ಟು ಕಾಲ ಉಳಿದಿದೆ ಎಂದೂ ತಿಳಿಯುತ್ತದೆ. ಗೆಳತಿ ಗ್ರಾಫಿನಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ ಹಾಕಿದಳು. ಭಾರ ಆ ಗೆರೆ ದಾಟಿದರೆ ಕಂಬವನ್ನು ನಂಬುವಂತಿಲ್ಲ ಎಂದರ್ಥ.

ಬಿರುಕು ಬೆಳಗ್ಗೆ ತೆರೆಯಿತು. ಮಧ್ಯಾಹ್ನ ಮುಚ್ಚಲಿಲ್ಲ.

ಫೋಟೋ ತಪ್ಪಿರಬೇಕು ಎಂದುಕೊಂಡೆವು. ಮತ್ತೆ ತೆಗೆದೆವು. ಟಾಕಿ ಖಾಲಿ ಇರುವುದನ್ನು ತಾರಸಿ ಹತ್ತಿ, ಮುಚ್ಚಳ ಎತ್ತಿ, ನಾನೇ ಕಣ್ಣಾರೆ ನೋಡಿ ಬಂದೆ. ತಳದಲ್ಲಿ ಪಾಚಿ, ಒಂದಿಷ್ಟು ತುಕ್ಕು. ಕೆಳಗೆ ಬಿರುಕು ಮಾತ್ರ ಏನೋ ಹೊತ್ತುಕೊಂಡೇ ಇದ್ದ ಹಾಗೆ ತೆರೆದೇ ಇತ್ತು. ಕೊನೆಗೆ ಗೆಳತಿ ಸಮೀಕರಣದೊಳಗೆ ಒಂದು ಸ್ಥಿರಾಂಕ ಸೇರಿಸಿದಳು: ಟಾಕಿ ಬರಿದಾದರೂ ಕಂಬದ ಮೇಲೆ ಇಷ್ಟು ಭಾರ ಇದ್ದೇ ಇರುತ್ತದೆ ಎಂದು. ಸೇರಿಸಿದ್ದೇ ತಡ, ಗ್ರಾಫಿನ ರೇಖೆ ನಮ್ಮ ಚುಕ್ಕೆಗಳ ಮೇಲೆ ಮಲ್ಲಿಗೆ ಪೋಣಿಸಿದ ಹಾಗೆ ಕೂತಿತು.

"ಆಂಟಿ, ಯೇ ಕಾನ್‌ಸ್ಟಂಟ್ ಹಾಕ್ಲಿಲ್ಲಾ ತೋ... ಕರ್ವ್ ಕೂಡೋದೇ ಇಲ್ಲ," ಎಂದಳು, ಸ್ವಲ್ಪ ನಾಚಿ.

ಮೇಡಂಗೆ ತೋರಿಸಿದಾಗ ಅವರು ರೇಖೆಯನ್ನು ಮೆಚ್ಚಿದರು. ಆಮೇಲೆ ಬೆರಳನ್ನು ಆ ಸ್ಥಿರಾಂಕದ ಮೇಲಿಟ್ಟು, ಇದು ಏನು ಎಂದು ಕೇಳಿದರು. ಗೋಡೆಯ ಭಾರ, ಸಾಮಾನಿನ ಭಾರ, ಇರಬಹುದು ಎಂದೆವು. ಅಷ್ಟರಲ್ಲಿ ವಿಮಾನ ಬಂತು. ಅವರು ಬೆರಳು ತೆಗೆಯದೆ ಕಾದರು. ಸದ್ದು ಹೋದ ಮೇಲೆ ಹೇಳಿದ್ದು ಇಷ್ಟು: "ಹೆಸರಿಲ್ಲದ ಸ್ಥಿರಾಂಕ ಅಂದರೆ ಮನೆಯೊಳಗೆ ಯಾರೋ ಇದ್ದಾರೆ, ಯಾರು ಅಂತ ನೀವು ಕೇಳಿಲ್ಲ."

ಬಸ್ಸಿನಲ್ಲಿ ಬರುವಾಗ ನನಗೆ ಆ ಮಾತು ಹಿಡಿಸಲಿಲ್ಲ. ಮನೆಗೆ ಬಂದು ಬಾಗಿಲ ಬೀಗ ತೆರೆದಾಗ ಒಳಗೊಮ್ಮೆ ಇಣುಕಿ ನೋಡಿಯೇ ಚಪ್ಪಲಿ ಬಿಟ್ಟೆ.

ಏಪ್ರಿಲ್ ಬಂತು. ಊರಿಗೆಲ್ಲ ನೀರಿನ ಕಡಿತ. ಬೆಳಗ್ಗೆ ಒಂದಷ್ಟು ಹೊತ್ತು ನೀರು ಬಂದು ನಿಂತುಬಿಡುತ್ತಿತ್ತು. ನಮ್ಮ ರೇಖೆ ಮತ್ತೆ ಚುಕ್ಕೆಗಳನ್ನು ಬಿಟ್ಟು ಹೋಯಿತು. ಸ್ಥಿರಾಂಕವನ್ನು ಸ್ವಲ್ಪ ಏರಿಸಿದರೆ ಮತ್ತೆ ಕೂಡುತ್ತಿತ್ತು. ಹದಿನೈದು ದಿನಕ್ಕೆ ಮತ್ತೆ ಏರಿಸಬೇಕಾಯಿತು. ಸ್ಥಿರಾಂಕ ಎಂದರೆ ಇದ್ದಲ್ಲೇ ಇರಬೇಕಾದದ್ದು. ನಮ್ಮದು ಬೆಳೆಯುತ್ತಿತ್ತು. ಟಾಕಿಗೆ ಬರುವ ನೀರು ದಿನದಿನಕ್ಕೆ ಕಡಿಮೆಯಾಗುತ್ತಿದೆ, ಕಂಬದ ಮೇಲಿನ ಭಾರ ದಿನದಿನಕ್ಕೆ ಹೆಚ್ಚುತ್ತಿದೆ. ಗೆಳತಿ ತನ್ನ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಎರಡು ಸಲ ಮೊದಲಿಂದ ಬರೆದಳು. ಉತ್ತರ ಅದೇ ಬಂತು.

ಅಷ್ಟು ಹೊತ್ತಿಗೆ ಬಿಲ್ಡಿಂಗೂ ತನ್ನ ರೀತಿಯಲ್ಲಿ ಮಾತಾಡತೊಡಗಿತ್ತು. ಬೆಳಗ್ಗೆ ಗುಡಿಸುವಾಗ ಮೆಟ್ಟಿಲಿನ ಒಂದೇ ಜಾಗದಲ್ಲಿ, ಅದೇ ಮೂಲೆಯಲ್ಲಿ, ಮರಳಿನ ಸಣ್ಣ ಗುಡ್ಡೆ. ನಮ್ಮ ಬಚ್ಚಲಲ್ಲಿ ಒಂದು ಟೈಲ್ಸು ಕಾಲಿಟ್ಟರೆ ಟೊಳ್ಳು ಸದ್ದು ಮಾಡುತ್ತಿತ್ತು. ಕೆಳಗೆ ಪಾಳಣಾಘರದಲ್ಲಿ ಕಿಟಕಿಯ ಕೊಂಡಿ ಕೂಡುತ್ತಿರಲಿಲ್ಲ, ಅವಳು ಅದಕ್ಕೆ ಮಕ್ಕಳ ಜಡೆಯ ರಿಬ್ಬನ್ ಕಟ್ಟಿದ್ದಳು.

ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ನಿವೃತ್ತ ಅಧಿಕಾರಿ, ಬಹಳ ಸೌಮ್ಯ. ನಾನು ಗ್ರಾಫು ಹಿಡಿದು ಹೋದಾಗ ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದ ನೋಡಿದರು. ಮರುದಿನವೇ ಒಬ್ಬ ಇಂಜಿನಿಯರನ್ನು ಕರೆಸಿದರು. ಆತ ಸುತ್ತಿಗೆಯಿಂದ ಕಂಬಕ್ಕೆ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟ. ಮುಖ ಸಣ್ಣದಾಯಿತು. ನಮ್ಮ ಮಾದರಿಯ ಚಿತ್ರವನ್ನೂ ಗ್ರಾಫನ್ನೂ ನೋಡಿದ. ಶನಿವಾರ ಕಬ್ಬಿಣದ ಆಸರೆ ಕಂಬಗಳನ್ನು ತಂದು ಕೊಡುತ್ತೇವೆ, ಅದಕ್ಕೆ ಮುಂಚೆ ಟಾಕಿ ಪೂರಾ ಖಾಲಿ ಮಾಡಿ, ಆಸರೆ ಕೂರುವವರೆಗೆ ಒಂದು ತೊಟ್ಟೂ ತುಂಬಬೇಡಿ ಎಂದ. ನಾನು ಹೇಳುತ್ತಿದ್ದುದೂ ಅದೇ. ಟಾಕಿ ಖಾಲಿಯಾದರೆ ಭಾರ ಕೆಂಪು ಗೆರೆಯ ಕೆಳಗೆ ಇಳಿಯುತ್ತದೆ ಎಂದು ನಮ್ಮ ಮಾದರಿ ಸ್ಪಷ್ಟವಾಗಿ ತೋರಿಸುತ್ತಿತ್ತು.

ಪಾಳಣಾಘರದವಳಿಗೆ ಶನಿವಾರ ರಜೆ ಮಾಡು ಎಂದರೆ ಒಪ್ಪಲಿಲ್ಲ. ಶನಿವಾರವೂ ಕೆಲಸಕ್ಕೆ ಹೋಗುವ ತಾಯಂದಿರೇ ಬಹಳ, ಅವರು ಕೂಸುಗಳನ್ನು ಎಲ್ಲಿ ಬಿಡಬೇಕು? "ನಿಮ್ಮ ಆ ಕೆಂಪು ಗೆರಿ ಕೆಳಗ ಬರತೈತಿ ಅಂದ್ರಲ್ಲ, ಮುಗೀತ ಬಿಡ್ರಿ," ಎಂದಳು. "ಅವರು ಕಬ್ಬಣ ಹಚ್ಚೋ ಹೊತ್ನ್ಯಾಗ ನಾ ಕೂಸುಗೋಳ್ನ ಆ ಕಡಿ ಕ್ವಾಣ್ಯಾಗ ಇಟ್ಕೋತೀನಿ."

ಶುಕ್ರವಾರ ಸಂಜೆ ಸೆಕ್ರೆಟರಿ ನೋಟಿಸು ಹಾಕಿದರು. ಒಳ್ಳೆಯ ಮನುಷ್ಯ, ಯಾರಿಗೂ ತೊಂದರೆ ಆಗಬಾರದು ಎಂದು ಯೋಚಿಸಿ ಬರೆದದ್ದು: ನಾಳೆ ಬೆಳಗ್ಗೆ ಟಾಕಿ ಖಾಲಿ ಮಾಡುತ್ತೇವೆ, ಎರಡು ದಿನ ನೀರು ಇರುವುದಿಲ್ಲ, ನೀರು ಗಟಾರಿಗೆ ಹೋಗಿ ಹಾಳಾಗುವುದು ಬೇಡ, ದಯವಿಟ್ಟು ಎಲ್ಲರೂ ನಲ್ಲಿ ತೆರೆದು ಬೇಕಾದಷ್ಟು ತುಂಬಿಟ್ಟುಕೊಳ್ಳಿ.

ಶನಿವಾರ ಬೆಳಗ್ಗೆ ಬಿಲ್ಡಿಂಗಿನ ನಮ್ಮ ಭಾಗದಲ್ಲಿ, ಇಡೀ ವಿಂಗಿನಲ್ಲಿ, ಒಂದೇ ಸದ್ದು. ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ಬೀಳುವ ಸದ್ದು. ಮೊದಲು ಟೊಳ್ಳು ಟೊಳ್ಳಾಗಿ ಡಬಡಬ ಎಂದು, ಬರಬರುತ್ತ ಗಟ್ಟಿಯಾಗಿ, ಕೊನೆಗೆ ಗಂಟಲು ತುಂಬಿದವರ ಉಸಿರಿನ ಹಾಗೆ. ಮೇಲಿನ ಮನೆಯಲ್ಲಿ, ಅದರ ಮೇಲಿನ ಮನೆಯಲ್ಲಿ, ಎಲ್ಲ ಕಡೆ. ನಾನೂ ಸೆರಗು ಸಿಕ್ಕಿಸಿಕೊಂಡು ತುಂಬುತ್ತಿದ್ದೆ. ಬಚ್ಚಲ ಮೂಲೆಯ ನೀಲಿ ಡ್ರಮ್ಮು ತುಂಬಿತು, ಹಂಡೆ ತುಂಬಿತು, ಬಕೀಟು, ಕೊಡ, ಮಗಳು ಚಿಕ್ಕವಳಿದ್ದಾಗಿನ ಸ್ನಾನದ ಟಬ್ಬು, ಕುಕ್ಕರಿನ ಮೂರೂ ಪಾತ್ರೆ. ಕಡಿತ ಶುರುವಾದಾಗಿನಿಂದ ಎಲ್ಲ ಮನೆಯಲ್ಲೂ ಹಳೇ ಡ್ರಮ್ಮು ಹಂಡೆಗಳ ಜೊತೆ ಒಂದೊಂದು ಹೊಸ ಡ್ರಮ್ಮು ಬಂದಿತ್ತು. ನಮ್ಮದೂ ಹೋದ ತಿಂಗಳದ್ದೇ. ಯಜಮಾನರು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ನನ್ನ ಬಾಯೊಳಗೂ ಒಂದಿಷ್ಟು ತುಂಬಿ ಇಡು, ಸಂಜೀಕ ಉಗುಳ್ತೀನಿ" ಎಂದರು.

ನಕ್ಕು, ಬಾಗಿಲು ಹಾಕಲು ಹೋದೆ. ಬಚ್ಚಲ ಬಾಗಿಲು ಅರ್ಧಕ್ಕೆ ನಿಂತಿತು. ಹೆಗಲಿನಿಂದ ದೂಡಿದರೂ ಮುಂದಕ್ಕೆ ಹೋಗಲಿಲ್ಲ. ಇಷ್ಟೊತ್ತಿಗೆ ತಾರಸಿಯ ಟಾಕಿ ಪೂರಾ ಬರಿದಾಗಿರಬೇಕು.

ನಾನು ಡ್ರಮ್ಮನ್ನು ನೋಡಿದೆ. ನೀರು ಅಂಚಿಗೆ ಸಮವಾಗಿ, ಅಲುಗಾಡದೆ ನಿಂತಿತ್ತು. ಒಂದು ಪೆಟ್ಟಿಗೆ. ಒಳಗೆ ಬರುವ ಬಾಣ ಟಾಕಿಯಿಂದ. ಹೊರಗೆ ಹೋಗುವ ಬಾಣ ಇಲ್ಲ.

ನಮ್ಮ ಚಿತ್ರದಲ್ಲಿ ಗೆಳತಿ ಟಾಕಿಯಿಂದ ನೇರ ಗಟಾರಿಗೆ ಬಾಣ ಎಳೆದಿದ್ದಳು, ನಾನೂ ಸರಿ ಎಂದಿದ್ದೆ, ಮೇಡಂ ನೋಡಿದ್ದರು, ಇಂಜಿನಿಯರೂ ನೋಡಿದ್ದ. ದಿನಾ ಬೆಳಗ್ಗೆ ಕೈಯಾರೆ ತುಂಬುವ ಡ್ರಮ್ಮು ಯಾರ ಚಿತ್ರದಲ್ಲೂ ಬಂದಿರಲಿಲ್ಲ. ಟಾಕಿ ಬರಿದಾಗುತ್ತಿತ್ತು, ನೀರು ಬಿಲ್ಡಿಂಗನ್ನು ಬಿಟ್ಟು ಹೋಗುತ್ತಿರಲಿಲ್ಲ. ಕಡಿತ ಹೆಚ್ಚಾದಷ್ಟು ಮನೆಮನೆಯಲ್ಲಿ ಕೂಡಿಟ್ಟ ನೀರು ಹೆಚ್ಚಾಯಿತು, ಅದಕ್ಕೇ ಸ್ಥಿರಾಂಕ ಬೆಳೆಯಿತು. ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ತಾರಸಿಯ ಟಾಕಿ ನಾಲ್ಕು ಕಂಬಗಳ ನಡುವೆ ಕೂತದ್ದು. ಅದರ ಭಾರ ನಾಲ್ಕಕ್ಕೂ ಹಂಚಿ ಹೋಗುತ್ತದೆ. ಬಚ್ಚಲುಗಳು ಹಾಗಲ್ಲ. ನಮ್ಮ ವಿಂಗಿನ ಎಲ್ಲ ಬಚ್ಚಲುಗಳೂ ಒಂದರ ಮೇಲೊಂದು, ಒಂದೇ ಮೂಲೆಯಲ್ಲಿ, ಆ ಒಂದೇ ಕಂಬಕ್ಕೆ ಆತು ನಿಂತಿದ್ದವು. ಟಾಕಿ ಖಾಲಿ ಮಾಡಿ ನಾವು ಕಂಬದ ಭಾರ ಇಳಿಸಿರಲಿಲ್ಲ. ನಾಲ್ಕು ಕಂಬಗಳದ್ದನ್ನು ತಂದು ಒಂದರ ತಲೆಗೆ ಇಟ್ಟಿದ್ದೆವು.

ಗೆಳತಿಗೆ ಫೋನು ಮಾಡಿದೆ. ಹಿಂದೆ ಹೊಲಿಗೆ ಮಶೀನಿನ ಸದ್ದು. ಹೇಳಿದೆ. ಅವಳು ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. ಮಶೀನುಗಳು ನಡುವೆ ನಿಂತು ಮತ್ತೆ ಶುರುವಾದವು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಆಂಟಿ... ಭಾರ ಕೆಂಪು ಗೆರೆ ಮ್ಯಾಲ ಹೋಗೈತಿ. ಬಹುತ್ ಮ್ಯಾಲ. ನೀವು ಮನೀಂದ ಹೊರಗ ಬರ್ರಿ" ಎಂದಳು. ಅವಳು ಒಂದೇ ಉಸಿರಿಗೆ ಅಷ್ಟು ಕನ್ನಡ ಆಡಿದ್ದು ನಾನು ಅದೇ ಮೊದಲು ಕೇಳಿದ್ದು.

ಯಜಮಾನರಿಗೆ ಡ್ರಮ್ಮು ಬಗ್ಗಿಸಿ ನೀರು ಚೆಲ್ಲಲು ಹೇಳಿ ನಾನು ಕೆಳಗಿಳಿದೆ. ಪಾಳಣಾಘರದಲ್ಲಿ ಕೂಸುಗಳು ಆಗಲೇ ಬಂದಿದ್ದವು. ಇಂಜಿನಿಯರ ಕಡೆಯವರು ಇನ್ನೂ ಬಂದಿರಲಿಲ್ಲ. ಕಂಬದ ಜಾಲರಿ ಹಾಳೆಯ ಒಂದು ತುಂಡು ಇನ್ನೊಂದನ್ನು ಬಿಟ್ಟು ಪೂರಾ ಹೊರಗೆ ಬಂದಿತ್ತು. ನಾನು ಮಕ್ಕಳನ್ನು ಈಗಲೇ ಹೊರಗೆ ಕರೆದುಕೊಂಡು ಹೋಗಬೇಕು ಎಂದೆ. ಅವಳು ಒಂದು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ನಿನ್ನೆ ಟಾಕಿ ಖಾಲಿ ಆದ್ರ ಆರಾಮ ಅಂದ್ರಿ. ಇವತ್ತ ಖಾಲಿ ಆಗೇತಿ, ಹೊರಗ ನಡೀರಿ ಅಂತೀರಿ. ವೈನಿ, ನಾ ಸಾಲಿ ಕಲತಾಕಿ ಅಲ್ಲ ಖರೆ, ಅದಕ್ಕಂತ ಹಿಂಗ ತಿರಗಸಬ್ಯಾಡ್ರಿ."

ಅದು ಸಮೀಕರಣ ಹೇಳುವ ಹೊತ್ತಲ್ಲ. ಮೇಲೆ ಕೈ ತೋರಿಸಿ, "ಮ್ಯಾಲಿನ ನೀರು ಎಲ್ಲಿ ಹೋತು ಹೇಳು. ನಿನ್ನ ಮನಿಯೊಳಗ ಎಷ್ಟು ತುಂಬೀ?" ಎಂದೆ.

ಅವಳು ತನ್ನ ಬಚ್ಚಲಿನ ಕಡೆ ತಿರುಗಿದಳು. ಅಲ್ಲಿ ಡ್ರಮ್ಮು, ಅದರ ಪಕ್ಕ ಮಕ್ಕಳ ಬಕೀಟುಗಳ ಸಾಲು. ತನ್ನದು ನೆಲದ ಮೇಲೆ ಕೂತದ್ದು, ಕಂಬಕ್ಕೆ ಅದರ ಭಾರವಿಲ್ಲ. ಆಮೇಲೆ ಕತ್ತೆತ್ತಿ ಸೂರನ್ನು ನೋಡಿದಳು. ಒಂದು ಮನೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಎಂದು ಅವಳ ಕಣ್ಣು ಏರುತ್ತಿದ್ದುದು ನನಗೆ ಕಾಣುತ್ತಿತ್ತು. ಸೊಂಟದ ಕೂಸನ್ನು ನನ್ನ ಕೈಗೆ ಕೊಟ್ಟಳು. ಮಲಗಿದ್ದ ಎರಡು ಕೂಸುಗಳನ್ನು ಎರಡೂ ತೋಳಿಗೆ ಎತ್ತಿಕೊಂಡಳು. ನಡೆಯುವವರನ್ನು ನಾನು ಸೆರಗು ಹಿಡಿಸಿಕೊಂಡು, ರಸ್ತೆಯಾಚೆ ಮಂದಿರದ ಸಭಾಂಗಣಕ್ಕೆ ದಾಟಿಸಿದೆ.

ನಾನು ಮರಳಿ ಬರುವಷ್ಟರಲ್ಲಿ ಮೇಲೆ ಗಲಾಟೆ. ಯಜಮಾನರು ನಮ್ಮ ಡ್ರಮ್ಮು ಬಗ್ಗಿಸಿದ್ದು ಪೈಪಿನಲ್ಲಿ ಸುರಿದು ಎಲ್ಲರಿಗೂ ಕೇಳಿಸಿತ್ತು. ಕಡಿತದ ದಿನಗಳಲ್ಲಿ ತುಂಬಿದ ಡ್ರಮ್ಮು ಚೆಲ್ಲುವುದು ಎಂದರೆ ಅನ್ನ ಚೆಲ್ಲಿದ ಹಾಗೆ. ನಾಲ್ಕನೇ ಮಾಳಿಗೆಯಾಕೆ ಮೆಟ್ಟಿಲ ಮೇಲೆ ನಿಂತು, ನಮಗಾದರೂ ಕೊಡಬಾರದಿತ್ತೇ ಎಂದು ಬೈಯುತ್ತಿದ್ದಳು. ಸೆಕ್ರೆಟರಿ ಲುಂಗಿಯಲ್ಲೇ ಓಡಿ ಬಂದರು. ಎಲ್ಲರೂ ಚೆಲ್ಲಬೇಕು, ಈಗಲೇ, ಎಂದು ನಾನು ಅಂದಾಗ ಅವರ ಮುಖದಲ್ಲಿ ನೋವೇ ಕಾಣಿಸಿತು. "ವಹಿನಿ, ಪಾಣಿ ಫೇಕಾಯ್ಚಂ?" ಎಂದರು. ನೀರು ಚೆಲ್ಲುವುದೇ? ಖಾಲಿ ಮಾಡಿ ಎಂದವರು ನೀವೇ, ನಿಮ್ಮ ಮಾತಿನಂತೆ ಮಾಡಿದ್ದೇವೆ, ಇನ್ನೇನು ಎಂದು ಕೇಳಿದರು. ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು, ಯಾರೂ ಬಕೀಟು ಮುಟ್ಟಲಿಲ್ಲ.

ಆಗ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದಲ್ಲ. ಒಣ ಕೊಬ್ಬರಿ ಒಡೆದ ಹಾಗೆ, ಆಮೇಲೆ ಏನೋ ನೆಲಕ್ಕೆ ಜಾರಿದ ಹಾಗೆ.

ಸೆಕ್ರೆಟರಿ ಮೊದಲು ಇಳಿದರು. ಪಾಳಣಾಘರದ ಬಾಗಿಲು ತೆರೆದೇ ಇತ್ತು. ಕಂಬದ ಮೈ ಮೊರದಷ್ಟು ಅಗಲಕ್ಕೆ ಕಳಚಿ ಚಾಪೆಯ ಮೇಲೆ ಬಿದ್ದಿತ್ತು. ಒಳಗಿನ ಕಬ್ಬಿಣದ ಸರಳುಗಳು ಹೊರಕ್ಕೆ ಬಾಗಿದ್ದವು, ಭಾರದ ಬುಟ್ಟಿ ಹೊತ್ತವರ ಮೊಳಕಾಲಿನ ಹಾಗೆ. ಹಣ್ಣುಗಳ ಪಟ ಧೂಳಿನಲ್ಲಿ ಮಗುಚಿ ಬಿದ್ದಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ.

ಅದಾದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಬೈದಾಕೆಯೇ ಮೊದಲು ಬಗ್ಗಿಸಿದಳು. ಪೈಪುಗಳೆಲ್ಲ ಒಟ್ಟಿಗೆ ಸುರಿದವು. ನೀರು ಗೇಟಿನ ಹೊರಗೆ ಹರಿದು ರಸ್ತೆಗೆ ಬಂದಾಗ ಎದುರಿನ ಚಾಳಿನ ಸಾಲುಮನೆಯವರು ಕೊಡ, ತಪ್ಪಲೆ ಹಿಡಿದು ಓಡಿ ಬಂದರು, ಆಮೇಲೆ ನಮ್ಮ ಮುಖಗಳನ್ನು ನೋಡಿ ದೂರವೇ ನಿಂತರು. ಇಂಜಿನಿಯರ ಕಡೆಯವರು ಬಂದು ಆಸರೆ ಕೊಡುವ ಹೊತ್ತಿಗೆ ವಿಂಗಿನಲ್ಲಿ ಕುಡಿಯಲು ಒಂದು ಲೋಟ ನೀರು ಉಳಿದಿರಲಿಲ್ಲ. ಸಂಜೆಯೊಳಗೆ ಎಲ್ಲರೂ ಮನೆ ಬಿಟ್ಟೆವು. ಬಿಲ್ಡಿಂಗು ಈಗಲೂ ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ, ಒಳಗೆ ಯಾರೂ ಇಲ್ಲ. ಪ್ರಾಜೆಕ್ಟಿನ ವರದಿಯಲ್ಲಿ ನಾವು ಆ ಸ್ಥಿರಾಂಕವನ್ನು ತೆಗೆದು, ಅದರ ಜಾಗದಲ್ಲಿ ಪ್ರತಿ ಮನೆಗೊಂದು ಪೆಟ್ಟಿಗೆ ಬರೆದೆವು. ಮೇಡಂ ಆ ಪುಟ ನೋಡಿ, ತಮ್ಮ ಮನೆಯಲ್ಲೂ ಎರಡು ಡ್ರಮ್ಮಿವೆ ಎಂದರು.

ಜೂನಿನಲ್ಲಿ ಪಾಳಣಾಘರದವಳು ಅದೇ ಭಾಂಡುಪಿನಲ್ಲಿ ಇನ್ನೊಂದು ಕಡೆ ಕೋಣೆ ನೋಡಿದಳು. ಬಾಡಿಗೆಗೆ ಹಿಡಿಯುವ ಮುಂಚೆ ನನ್ನನ್ನು ಕರೆದಳು. ಕಿಟಕಿ, ಗಾಳಿ, ಬೆಳಕು ಏನನ್ನೂ ತೋರಿಸಲಿಲ್ಲ. ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು, ಹೊಸದಾಗಿ ಬರುವವಳು ಪರಿಚಯಕ್ಕೆ ಬಂದೆ ಎಂದು ಹೇಳಿಕೊಂಡು ನನ್ನನ್ನು ಮಹಡಿ ಮಹಡಿ ಹತ್ತಿಸಿದಳು. ಪ್ರತಿ ಮನೆಯಲ್ಲೂ ಕುಂಕುಮ ಹಚ್ಚಿ, ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಎಲ್ಲರೂ ಚಹಾ ಕೊಟ್ಟರು. ಕೊನೆಯ ಮಹಡಿಯಾಕೆ, ಮಳೆ ಬಂದರೂ ನೀರಿನ ಭರವಸೆ ಇಲ್ಲ ನೋಡಿ ಎಂದು, ತಾನು ತರಿಸಿದ ಹೊಸ ಡ್ರಮ್ಮನ್ನು ಸೆರಗಿನಿಂದ ಒರೆಸಿ ತೋರಿಸಿದಳು. ಬಹಳ ದೊಡ್ಡದಿತ್ತು.

ಇಳಿಯುವಾಗ ಪಾಳಣಾಘರದವಳು ಗೋಡೆ ಸವರುತ್ತ ಬಂದಳು. ಕೆಳಗೆ ಆ ಖಾಲಿ ಕೋಣೆಯಲ್ಲಿ ನಿಂತು, "ಎಲ್ಲಾರ ಮನ್ಯಾಗೂ ಡ್ರಮ್ಮು ಅದಾವ್ರಿ. ಇಡೀ ಮುಂಬೈದಾಗ ಇಲ್ಲದ ಮನಿ ಎಲ್ಲಿ ಹುಡಕಲಿ? ಕೂಸುಗೋಳ್ನ ಎಲ್ಲರೆ ಒಂದ ಕಡಿ ಮಲಗಸಬೇಕಲ್ಲ," ಎಂದಳು. ನಾನು ಮೂಲೆಯ ಕಂಬಕ್ಕೆ ಕಿವಿಗೊಟ್ಟು ಬೆರಳ ಗಂಟಿನಿಂದ ತಟ್ಟಿ ನೋಡಿದೆ. ಗಟ್ಟಿ ಸದ್ದು ಬಂತು. ಅದರಿಂದ ಕಂಬದ ಇವತ್ತಿನ ಗಟ್ಟಿತನ ತಿಳಿಯುತ್ತದೆ, ನಾಳೆ ಅದರ ಮೇಲೆ ತುಂಬುವ ನೀರು ತಿಳಿಯುವುದಿಲ್ಲ.

ಅವಳು ಆ ಕೋಣೆ ಹಿಡಿದಳು. ಚಾಪೆಗಳನ್ನು ಮಾತ್ರ ಗೋಡೆ ಕಂಬಗಳಿಂದ ದೂರ ಎಳೆದು, ನಡುಮಧ್ಯದಲ್ಲಿ ಹಾಸಿದಳು.